ಅಕ್ಷರ ಹಿಡಿದು ಪದ ಹುಡುಕುವ ವನ್‌ಲುಕ್: ಕನ್ನಡ ಮಾಧ್ಯಮದ ಮಕ್ಕಳೊಂದಿಗೆ ಬಳಸಿ ನೋಡಿದ ಅನುಭವ

ಕಳೆದ ಜೂನ್ ತಿಂಗಳಲ್ಲಿ, ವಾಚನ ಸಪ್ತಾಹದ ಅಂಗವಾಗಿ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಲ್ಲಿರುವ ನಮ್ಮ ವಾಚನಾಲಯದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪದಬಂಧವೊಂದನ್ನು ಕೊಟ್ಟಿದ್ದೆವು. ಅದರ ಸುಳಿವುಗಳಲ್ಲಿ ಒಂದು ಹೀಗಿತ್ತು: ಜಗಿಯುವ ಕಾಯಿ ಬಿಡುವ, ತಾಳೆಯ ಜಾತಿಗೆ ಸೇರಿದ ಮರ, ಐದು ಅಕ್ಷರ. ಅಡ್ಡ ಸಾಲುಗಳ ಉತ್ತರಗಳಿಂದಾಗಿ ಮೊದಲ ಅಕ್ಷರ ಎ ಎಂಬುದೂ ಕೊನೆಯ ಅಕ್ಷರವೂ ಎ ಎಂಬುದೂ ಆಗಲೇ ತಿಳಿದುಹೋಗಿತ್ತು. ಅಲ್ಲಿ ಕುಳಿತಿದ್ದ ಹದಿನೈದು ಮಕ್ಕಳಲ್ಲಿ ಹೆಚ್ಚಿನವರು ಅಡಿಕೆ ಕೃಷಿಕರ ಮನೆಯವರು. ಮಳೆ ಹೊಳವಾದ ಹೊತ್ತು ನೋಡಿ ತೋಟಕ್ಕೆ ಬೋರ್ಡೋ ಮದ್ದು ಬಿಡುವ ಗಡಿಬಿಡಿಯ ನಡುವೆ ಬಿಡುವು ಮಾಡಿಕೊಂಡು ಬಂದವರು. ಆದರೂ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವರಿಗೆ ಗೊತ್ತಿದ್ದುದು ಬೀಟಲ್‌ನಟ್ ಎಂಬ ಒಂದೇ ಹೆಸರು, ಅದು ಆ ಐದು ಚೌಕಗಳಲ್ಲಿ ಹಿಡಿಸುವಂಥದ್ದಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಅಡಿಕೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಹೆಸರೂ ಉಂಟಾ?" ಎಂದು ಕೇಳಿದಳು.

ಉತ್ತರವನ್ನು ನಾನೇ ಹೇಳಿಬಿಡಬಹುದಿತ್ತು. ಹಾಗೆ ಮಾಡದೆ ವಾಚನಾಲಯದ ಗಣಕಯಂತ್ರದಲ್ಲಿ ವನ್‌ಲುಕ್ ಎಂಬ ಜಾಲತಾಣವನ್ನು ತೆರೆದು, ಎ ಎಂದು ಬರೆದು, ಮೂರು ಪ್ರಶ್ನಾರ್ಥಕ ಚಿಹ್ನೆಗಳನ್ನು ಇಟ್ಟು, ಮತ್ತೊಮ್ಮೆ ಎ ಎಂದು ಬರೆಯುವಂತೆ ಅವಳಿಗೆ ಸೂಚಿಸಿದೆ. ಅರೀನಾ, ಅರೋಮಾ, ಆಲ್ಫಾ, ಅಯೋರ್ಟಾ ಮೊದಲಾದವುಗಳ ಸಾಲಿನಲ್ಲಿ ಎ-ಆರ್-ಇ-ಸಿ-ಎ ಎಂಬುದನ್ನು ಕಂಡಾಗ ಅವಳಿಗೆ ಗುರುತು ಸಿಕ್ಕಿತು, ಏಕೆಂದರೆ ಅಡಿಕೆಯ ಗೊಬ್ಬರದ ಚೀಲದ ಮೇಲೆ ಆ ಅಕ್ಷರಗಳನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅರೆಕಾ ಎಂಬ ಆ ಪದ ಪೋರ್ಚುಗೀಸರ ಬಾಯಿಯಿಂದ ಇಂಗ್ಲಿಷಿಗೆ ಹೋದದ್ದು, ಪೋರ್ಚುಗೀಸರು ಅದನ್ನು ಎತ್ತಿಕೊಂಡದ್ದು ನಮ್ಮ ಪಡುಗಡಲ ಕರಾವಳಿಯಿಂದ. ಮಲಯಾಳದ ಅಡಕ್ಕ ಮತ್ತು ಕನ್ನಡದ ಅಡಿಕೆ ಅದರ ಹಿಂದೆ ಇವೆ. ನಮ್ಮದೇ ಮಾತು ವೇಷ ಬದಲಿಸಿಕೊಂಡು ಬಂದು ನಮ್ಮ ಮಕ್ಕಳನ್ನೇ ಕಕ್ಕಾಬಿಕ್ಕಿ ಮಾಡಿದ ಆ ಸಂಜೆಯ ನಂತರ, ಈ ಜಾಲತಾಣದ ಬಗ್ಗೆ ವಿವರವಾಗಿ ಬರೆಯಬೇಕು ಎಂದು ನನಗೆ ಅನಿಸಿತು.

ಮೊದಲು ನನ್ನ ಅರ್ಹತೆಯ ವಿಚಾರ. ನಾನು ಅನುದಾನಿತ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು, ತಂತ್ರಜ್ಞನಲ್ಲ. ನಿರ್ದಿಷ್ಟ ಅಕ್ಷರಗಳುಳ್ಳ ಪದಗಳನ್ನು ಹುಡುಕಿಕೊಡುವ ಜಾಲತಾಣಗಳು ಹೇರಳವಾಗಿವೆ, ಅವುಗಳಲ್ಲಿ ಹೆಚ್ಚಿನವು ಪದದಾಟಗಳಲ್ಲಿ ಗೆಲ್ಲಲು ಬಯಸುವವರನ್ನು ಉದ್ದೇಶಿಸಿದವು. ವನ್‌ಲುಕ್ 1996ರಿಂದ ಇದೆ. ಅದರ ಮೂಲ ಕೆಲಸ ಅನೇಕ ನಿಘಂಟುಗಳಿಗೆ ಒಂದೇ ಅನುಕ್ರಮಣಿಕೆಯಾಗುವುದು; ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ನಿಘಂಟುಗಳಲ್ಲಿ ಇದೆ ಎಂಬುದನ್ನು ತೋರಿಸಿ ಅಲ್ಲಿಗೆ ಕರೆದೊಯ್ಯುತ್ತದೆ. ಹಣ ಕೊಡಬೇಕಾಗಿಲ್ಲ, ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಅಕ್ಷರ ಹಿಡಿದು ಹುಡುಕುವ ಸೌಕರ್ಯ ಅದೇ ಹುಡುಕುಪಟ್ಟಿಯೊಳಗೆ ಅಡಗಿದೆ, ಆದುದರಿಂದ ಅನೇಕರಿಗೆ ಅದು ಅಲ್ಲಿದೆ ಎಂಬುದೇ ತಿಳಿದಿರುವುದಿಲ್ಲ.

"ಈ ಅಕ್ಷರಗಳು ಇರುವ ಪದ ಬೇಕು" ಎಂದು ಮಕ್ಕಳು ಕೇಳುವಾಗ ಅವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆಯಲ್ಲ ಎಂಬುದನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ. ಆ ಅಕ್ಷರಗಳು ಒತ್ತೊತ್ತಾಗಿ, ಅದೇ ಕ್ರಮದಲ್ಲಿ ಬರಬೇಕೇ? ಎಲ್ಲೆಲ್ಲೋ ಚದುರಿದ್ದರೂ ಸಾಕೇ? ಆ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದೂ ಇರಬಾರದೇ? ಪ್ರತಿಯೊಂದನ್ನೂ ಒಂದೇ ಸಲ ಬಳಸಬೇಕೇ? ಪದಬಂಧ, ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರಾಬಲ್, ಅಡಗಿರುವ ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಇವು ಮೂರೂ ಮೇಲ್ನೋಟಕ್ಕೆ ಅಕ್ಷರಗಳ ಆಟಗಳೇ ಆದರೂ ಒಂದೊಂದೂ ಕೇಳುವುದು ಬೇರೆ ಬೇರೆ ಪ್ರಶ್ನೆಯನ್ನು. ಹೆಚ್ಚಿನ ತಾಣಗಳು ಈ ಭೇದವನ್ನು ಬೇರೆ ಬೇರೆ ಪುಟಗಳಿಗೆ ಹಂಚಿಬಿಡುತ್ತವೆ. ವನ್‌ಲುಕ್ ಅಷ್ಟನ್ನೂ ಕೆಲವೇ ಚಿಹ್ನೆಗಳಿಂದ ಒಂದೇ ಹುಡುಕುಪಟ್ಟಿಯಲ್ಲಿ ಬರೆಯುವ ಸೌಕರ್ಯವನ್ನು ಒದಗಿಸುತ್ತದೆ. ಕಲಿಯಲು ಒಂದು ಗಂಟೆ ಬೇಕಾದೀತು, ಆದರೆ ಕಲಿತ ಮೇಲೆ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳುವ ಅಭ್ಯಾಸವೂ ಜೊತೆಗೇ ಬರುತ್ತದೆ.

ಒತ್ತೊತ್ತಾಗಿ ಬರುವ ಅಕ್ಷರಗಳಿಗೆ ನಕ್ಷತ್ರ ಚಿಹ್ನೆ ಸಾಕು. ನಕ್ಷತ್ರವೆಂದರೆ ಎಷ್ಟು ಅಕ್ಷರಗಳಾದರೂ ಆಗಬಹುದು ಎಂದರ್ಥ. ಪ್ರಶ್ನಾರ್ಥಕ ಚಿಹ್ನೆಯೆಂದರೆ ಸರಿಯಾಗಿ ಒಂದೇ ಅಕ್ಷರ. ನಾನು ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಸಿದ್ದು ಎರಡು ನಕ್ಷತ್ರಗಳ ನಡುವೆ ಓ-ಯು-ಜಿ-ಎಚ್ ಎಂದು ಬರೆದು ಪಡೆದ ಪಟ್ಟಿಯನ್ನು. ದೋ, ಥ್ರೂ, ಕಾಫ್, ರಫ್, ಬೌ, ಥಾಟ್ ಎಂಬ ಆರು ಪದಗಳಲ್ಲೂ ಆ ನಾಲ್ಕು ಅಕ್ಷರಗಳು ಹಾಗೆಯೇ ಕುಳಿತಿವೆ, ಉಚ್ಚಾರ ಮಾತ್ರ ಒಂದು ಇನ್ನೊಂದರ ಹಾಗಿಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಕ್ಕಳಿಗೆ ಇದು ದೊಡ್ಡ ಅನ್ಯಾಯದಂತೆ ಕಾಣುತ್ತದೆ. ಆ ಜಿ-ಎಚ್ ಹಿಂದೆ ಗಂಟಲಿನಿಂದ ಹೊರಡುತ್ತಿದ್ದ, ನಮ್ಮ ಖಕಾರಕ್ಕೆ ಹತ್ತಿರವಾದ ಒಂದು ಧ್ವನಿಯ ಗುರುತು. ಮಾತಿನಲ್ಲಿ ಆ ಧ್ವನಿ ಕೆಲವು ಕಡೆ ಅಳಿಯಿತು, ಕೆಲವು ಕಡೆ ಎಫ್ ಆಯಿತು, ಆದರೆ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದ ಮೇಲೆ ಬರಹದ ರೂಪ ಕ್ರಮೇಣ ಗಟ್ಟಿಯಾಗಿ ಹಿಂದೆಯೇ ಉಳಿಯಿತು. ಕನ್ನಡದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಹಳಗನ್ನಡದ ೞಕಾರವೂ ಱಕಾರವೂ ನಾಲಗೆಯಿಂದ ಮರೆಯಾದಂತೆ ವರ್ಣಮಾಲೆಯಿಂದಲೂ ಕಳಚಿಕೊಂಡವು. ನೆರೆಯ ಮಲಯಾಳದವರ ಬಾಯಲ್ಲಿ ಆ ೞಕಾರವನ್ನು ದಿನವೂ ಕೇಳುವ ಕಾಸರಗೋಡಿನ ಮಕ್ಕಳಿಗೆ ಈ ಹೋಲಿಕೆ ಬೇಗ ಅರ್ಥವಾಗುತ್ತದೆ.

ಚದುರಿದ ಅಕ್ಷರಗಳಿಗೆ ಅಲ್ಪವಿರಾಮವನ್ನು ಬಳಸಬೇಕು. ಅಲ್ಪವಿರಾಮದಿಂದ ಬೇರ್ಪಡಿಸಿದ ಎಲ್ಲ ಮಾದರಿಗಳಿಗೂ ಹೊಂದುವ ಪದಗಳು ಮಾತ್ರ ಬರುತ್ತವೆ. ಜೆ ಮತ್ತು ಕ್ಯೂ ಎರಡೂ ಇರುವ ಪದ ಯಾವುದು ಎಂದು ಹುಡುಗನೊಬ್ಬ ಸವಾಲು ಹಾಕಿದಾಗ, ನಕ್ಷತ್ರಗಳ ನಡುವೆ ಜೆ, ಅಲ್ಪವಿರಾಮ, ನಕ್ಷತ್ರಗಳ ನಡುವೆ ಕ್ಯೂ ಎಂದು ಕೊಟ್ಟೆವು. ಜಾಂಕ್ವಿಲ್ ಎಂಬ ಹೂವಿನ ಹೆಸರೂ ಜಕಾರ್ಡ್ ಎಂಬ ನೇಯ್ಗೆಯ ಹೆಸರೂ ಸಿಕ್ಕವು. ಎರಡನೆಯದು ಫ್ರಾನ್ಸಿನ ಜೋಸೆಫ್ ಮರಿ ಜಕಾರ್ ಎಂಬಾತ 1804ರ ಸುಮಾರಿಗೆ ರೂಪಿಸಿದ, ತೂತು ಕೊರೆದ ರಟ್ಟುಗಳಿಂದ ನಡೆಯುವ ಮಗ್ಗದಿಂದ ಬಂದದ್ದು. ಮುಂದೆ ಗಣಕಯಂತ್ರಗಳಿಗೆ ಆದೇಶ ಕೊಡಲು ಬಳಸಿದ ತೂತುರಟ್ಟುಗಳಿಗೆ ಆ ಮಗ್ಗವೇ ಮೇಲ್ಪಂಕ್ತಿ. ಅಕ್ಷರ ಹುಡುಕುತ್ತಾ ಹೋದವನಿಗೆ ಮಗ್ಗ ಎದುರಾದದ್ದು ಹುಡುಗನಿಗೆ ಬಹಳ ಹಿಡಿಸಿತು.

ಇನ್ನು ಕೂಡಿಸುವ ಚಿಹ್ನೆ ಮತ್ತು ಜೋಡಿ ಓರೆಗೆರೆ. ಇವೆರಡರ ವ್ಯತ್ಯಾಸವನ್ನು ಕೊಕ್ಕೋ ಮೂಲಕ ವಿವರಿಸುವುದು ನಮ್ಮ ಊರಿನಲ್ಲಿ ಸುಲಭ, ಏಕೆಂದರೆ ಅಡಿಕೆ ತೋಟದ ನೆರಳಿನಲ್ಲಿ ಅದರ ಗಿಡ ಇಲ್ಲದ ಮನೆ ಕಡಿಮೆ. ನಕ್ಷತ್ರದ ಮುಂದೆ ಕೂಡಿಸುವ ಚಿಹ್ನೆಯನ್ನಿಟ್ಟು ಸಿ, ಓ, ಎ ಎಂದು ಬರೆದರೆ ಆ ಮೂರೇ ಅಕ್ಷರಗಳಿಂದ, ಅವುಗಳನ್ನು ಎಷ್ಟು ಸಲ ಬಳಸಿದರೂ ಸರಿ, ಆಗುವ ಪದಗಳು ಬರುತ್ತವೆ. ಸಿ-ಓ-ಸಿ-ಓ-ಎ ಅವುಗಳಲ್ಲಿ ಒಂದು. ಅದೇ ಮೂರು ಅಕ್ಷರಗಳನ್ನು ಜೋಡಿ ಓರೆಗೆರೆಯ ನಂತರ ಬರೆದರೆ ಪ್ರತಿ ಅಕ್ಷರವನ್ನೂ ಒಂದೇ ಸಲ ಬಳಸಿ ಅದಲುಬದಲು ಮಾಡಿ ನೋಡುತ್ತದೆ, ಆಗ ಕೊಕ್ಕೋ ಸಿಗುವುದಿಲ್ಲ. ಅದು ಬೇಕಾದರೆ ಸಿ ಮತ್ತು ಓ ಎರಡೆರಡು ಸಲ ಬರೆಯಬೇಕು. ಸ್ಕ್ರಾಬಲ್‌ನಲ್ಲಿ ಕೈಯಲ್ಲಿರುವ ಏಳು ಬಿಲ್ಲೆಗಳಿಂದ ಪದ ಕಟ್ಟುವವರಿಗೆ ಬೇಕಾದದ್ದು ಈ ಎರಡನೆಯ ಕ್ರಮ. ಕೊಕ್ಕೋ ಪದದ ಕೊನೆಯಲ್ಲಿ ಉಚ್ಚರಿಸದ ಎ ಏಕಿದೆ ಎಂದು ಮಕ್ಕಳು ಕೇಳುತ್ತಾರೆ. ಮೂಲ ಪದ ಕಕಾವೋ. ಇಂಗ್ಲಿಷಿನಲ್ಲಿ ಅದು ತೆಂಗಿನ ಕಾಯಿಗಿದ್ದ ಕೋಕೋ ಎಂಬ ಹೆಸರಿನೊಂದಿಗೆ ಗೊಂದಲಗೊಂಡು ಈ ರೂಪಕ್ಕೆ ಬಂತು. ತೆಂಗು ಮತ್ತು ಕೊಕ್ಕೋ ಒಂದೇ ತೋಟದಲ್ಲಿ ಬೆಳೆದರೂ ಇಲ್ಲಿ ಯಾರೂ ಅವೆರಡನ್ನು ಬೆರೆಸಿದ್ದಿಲ್ಲ, ಆದರೆ ಇಂಗ್ಲಿಷರು ಬೆರೆಸಿದರು.

ಕಳೆಯುವ ಚಿಹ್ನೆ ಬೇಡದ ಅಕ್ಷರಗಳನ್ನು ಹೊರಗಿಡುತ್ತದೆ. ಎಸ್, ಟಿ, ಮೂರು ಪ್ರಶ್ನಾರ್ಥಕ ಚಿಹ್ನೆ, ಕಳೆಯುವ ಚಿಹ್ನೆ, ಇ ಮತ್ತು ಓ ಎಂದು ಬರೆದರೆ ಸ್ಟ್ಯಾಂಪ್, ಸ್ಟಾರ್ಟ್, ಸ್ಟಿಕ್, ಸ್ಟಫ್ ಮೊದಲಾದ ಐದಕ್ಷರದ ಪದಗಳು ಉಳಿಯುತ್ತವೆ. ಜೋಶ್ ವಾರ್ಡಲ್ ಎಂಬವರು ರೂಪಿಸಿ 2021ರಲ್ಲಿ ಸಾರ್ವಜನಿಕರಿಗೆ ಬಿಟ್ಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಖರೀದಿಸಿದ ವರ್ಡಲ್ ಆಟದಲ್ಲಿ, ಉತ್ತರದಲ್ಲಿ ಇಲ್ಲವೆಂದು ಬೂದು ಬಣ್ಣಕ್ಕೆ ತಿರುಗಿದ ಅಕ್ಷರಗಳನ್ನು ಕಳಚಲು ಇದು ಹೇಳಿ ಮಾಡಿಸಿದ ಉಪಾಯ. ಆರು ಅವಕಾಶಗಳ ಆ ಆಟಕ್ಕೆ ಇದನ್ನು ಬಳಸಿದರೆ ಆಡುವ ಸುಖವೇ ಹೋಗುತ್ತದೆ ಎಂಬುದು ಬೇರೆ ಮಾತು. ನನಗೆ ಇದರ ಪ್ರಯೋಜನ ಕಂಡದ್ದು ಇನ್ನೊಂದು ಪಾಠದಲ್ಲಿ. ಆರು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ, ಎ-ಇ-ಐ-ಓ-ಯು ಐದನ್ನೂ ಕಳೆದರೆ ಏನು ಉಳಿದೀತು ಎಂದು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ "ಏನೂ ಇಲ್ಲ" ಎಂದರು. ರಿದಂ ಬಂತು, ನಿಂಫ್ಸ್ ಬಂತು, ಸಿಜಿಜಿ ಎಂಬ ವಿಚಿತ್ರ ಪದವೂ ಬಂತು. ಹುಣ್ಣಿಮೆ ಅಮಾವಾಸ್ಯೆಗಳಂದು ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಗೆರೆಗೆ ಬರುವುದಕ್ಕೆ ಖಗೋಳಶಾಸ್ತ್ರದಲ್ಲಿ ಆ ಹೆಸರಿದೆ. ವೈ ಅಕ್ಷರ ಸ್ವರದ ಕೆಲಸವನ್ನೂ ಮಾಡುತ್ತದೆ ಎಂದು ನಾನು ಮೂವತ್ತು ವರ್ಷ ಬಾಯಿಯಲ್ಲಿ ಹೇಳಿದ್ದು ಆ ಪಟ್ಟಿಯಿಂದ ಒಂದು ನಿಮಿಷದಲ್ಲಿ ಮನವರಿಕೆಯಾಯಿತು.

ನನ್ನ ಮಟ್ಟಿಗೆ ಇಡೀ ಜಾಲತಾಣದ ಅತ್ಯಂತ ಬೆಲೆಯುಳ್ಳ ಸೌಕರ್ಯವೆಂದರೆ ಅಕ್ಷರದ ಮಾದರಿಯೊಂದಿಗೆ ಅರ್ಥವನ್ನೂ ಸೇರಿಸಿ ಹುಡುಕುವುದು. ಮಾದರಿಯ ನಂತರ ಒಂದರ ಮೇಲೊಂದು ಎರಡು ಚುಕ್ಕಿಗಳ ಕೋಲನ್ ಚಿಹ್ನೆ ಇಟ್ಟು, ಬೇಕಾದ ಅರ್ಥವನ್ನು ಇಂಗ್ಲಿಷಿನಲ್ಲಿ ಒಂದೆರಡು ಮಾತುಗಳಲ್ಲಿ ಬರೆದರೆ, ಪಟ್ಟಿ ಆ ಅರ್ಥಕ್ಕೆ ಹತ್ತಿರವಾದ ಪದಗಳಿಗೆ ಇಳಿಯುತ್ತದೆ. ಸ್ಪೆಲ್ಲಿಂಗ್ ಅರ್ಧ ಮಾತ್ರ ಗೊತ್ತಿರುವ ಮಕ್ಕಳಿಗೆ ಸಾಮಾನ್ಯ ನಿಘಂಟು ಮುಚ್ಚಿದ ಬಾಗಿಲು. ಸೈನ್ಯದ ಕರ್ನಲ್ ಎಂಬುದನ್ನು ಕಿವಿಯಿಂದ ಕೇಳಿದ ಹುಡುಗ ಕೆ ಅಕ್ಷರದ ಪುಟಗಳನ್ನು ಮಗುಚಿದರೆ ಅವನಿಗೆ ಸಿಗುವುದು ಕಾಯಿಯ ತಿರುಳಿಗೆ ಹೇಳುವ ಕರ್ನೆಲ್. ತೆಂಗಿನ ವಿಷಯದ ಕೃಷಿ ಕರಪತ್ರಗಳಲ್ಲಿ ಆ ಪದವನ್ನು ನೋಡಿಯೂ ಇರುತ್ತಾನೆ, ಆದ್ದರಿಂದ ಇದೇ ಇರಬೇಕೆಂದು ನಂಬಿಬಿಡುತ್ತಾನೆ. ನಕ್ಷತ್ರ, ಎಲ್ ಅಕ್ಷರ, ಕೋಲನ್, ನಂತರ ಸೈನ್ಯದ ಅಧಿಕಾರಿ ಎಂಬ ಅರ್ಥದ ಇಂಗ್ಲಿಷ್ ಮಾತು, ಇಷ್ಟನ್ನು ಕೊಟ್ಟರೆ ಸಿ-ಓ-ಎಲ್-ಓ-ಎನ್-ಇ-ಎಲ್ ಎಂಬ, ಆರ್ ಅಕ್ಷರವೇ ಇಲ್ಲದ ರೂಪ ಎದುರಿಗೆ ಬರುತ್ತದೆ. ಪದದ ಮೊದಲ ಮತ್ತು ಕೊನೆಯ ಅಕ್ಷರಗಳ ಬಗ್ಗೆ ಮಗುವಿಗೆ ಖಾತ್ರಿಯಿದ್ದು ನಡುವೆ ಮಾತ್ರ ಕತ್ತಲೆ ಇರುವಾಗ ಈ ಕ್ರಮ ನಿಜವಾಗಿ ನೆರವಿಗೆ ಬರುತ್ತದೆ. ಪದಬಂಧದ ಅಡಿಕೆಯನ್ನೂ ಹೀಗೆಯೇ ಹುಡುಕಬಹುದಿತ್ತು, ತಾಳೆಮರದ ಇಂಗ್ಲಿಷ್ ಹೆಸರನ್ನು ಕೋಲನ್ನಿನ ಮುಂದೆ ಬರೆದು.

ಆದರೆ ಇದು ಅಕ್ಷರಗಳ ಲೋಕ, ಧ್ವನಿಯ ಲೋಕವಲ್ಲ ಎಂಬುದನ್ನು ಮರೆಯುವಂತಿಲ್ಲ. ನಮಗೆ ಶಕಾರ ಎಂದರೆ ಶಕಾರ. ಇಂಗ್ಲಿಷಿನಲ್ಲಿ ಶೀಪ್‌ಗೆ ಎಸ್-ಎಚ್, ನೇಷನ್‌ಗೆ ಟಿ-ಐ, ಸ್ಪೆಷಲ್‌ಗೆ ಸಿ-ಐ, ಓಷನ್‌ಗೆ ಸಿ-ಇ, ಮೆಶೀನ್‌ಗೆ ಸಿ-ಎಚ್, ಶುಗರ್‌ಗೆ ಬರಿಯ ಎಸ್. "ಶ ಇರುವ ಇಂಗ್ಲಿಷ್ ಪದಗಳನ್ನು ಕೊಡಿ" ಎಂಬ ಬೇಡಿಕೆಯನ್ನು ಈ ಚಿಹ್ನೆಗಳಲ್ಲಿ ಬರೆಯಲು ಬರುವುದಿಲ್ಲ. ಒಂದೊಂದು ಜೋಡಣೆಯನ್ನೂ ಪ್ರತ್ಯೇಕವಾಗಿ ಕೇಳಿ ಪಟ್ಟಿಗಳನ್ನು ನಾವೇ ಸೇರಿಸಬೇಕು. ವನ್‌ಲುಕ್ ಅನ್ನು ನಡೆಸುವ ಡೇಟಾಮ್ಯೂಸ್ ಸಂಸ್ಥೆಯದೇ ಆದ ರೈಮ್‌ಜೋನ್ ಎಂಬ ತಾಣ ಪ್ರಾಸಪದಗಳನ್ನು ಧ್ವನಿಯ ಆಧಾರದಲ್ಲಿ ಕೊಡುತ್ತದೆ, ಆದರೆ ಅಲ್ಲಿಯೂ ಮೊದಲು ಒಂದು ಪದವನ್ನು ಸರಿಯಾಗಿ ಬರೆದು ಕೊಡಬೇಕಾಗುತ್ತದೆ. ನನ್ನ ಮಟ್ಟಿಗೆ ಈ ಮಿತಿಯೇ ಪಾಠಕ್ಕೆ ಅನುಕೂಲವಾಯಿತು. ಮಕ್ಕಳಿಂದಲೇ ಐದಾರು ಹುಡುಕಾಟ ಮಾಡಿಸಿ, ಒಂದೊಂದು ಪಟ್ಟಿಯಿಂದ ಹತ್ತು ಪದಗಳನ್ನು ಬರೆಯಿಸಿ, ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರವನ್ನು ಬರೆಯಿಸಿದಾಗ, ಟಿ-ಐ-ಓ-ಎನ್ ಕೊನೆಗೆ ಬಂದರೆ ಸಾಮಾನ್ಯವಾಗಿ ಷನ್ ಎಂದೇ ಆಗುತ್ತದೆ ಎಂಬುದನ್ನು ಅವರೇ ಕಂಡುಕೊಂಡರು.

ಪಟ್ಟಿಗಳ ಧಾರಾಳತನದ ಬಗ್ಗೆಯೂ ಎಚ್ಚರ ಬೇಕು. ನೂರಾರು ನಿಘಂಟುಗಳನ್ನು ಒಟ್ಟಾಗಿ ನೋಡುವ ತಾಣವಾದುದರಿಂದ ಸ್ಥಳನಾಮಗಳು, ವ್ಯಕ್ತಿನಾಮಗಳು, ಎರಡು ಮೂರು ಪದಗಳ ಗುಚ್ಛಗಳು, ಬಳಕೆ ತಪ್ಪಿಹೋದ ರೂಪಗಳು ಎಲ್ಲವೂ ಸೇರಿರುತ್ತವೆ. ಎ ಇಂದ ಎ ವರೆಗಿನ ಐದಕ್ಷರದ ಪಟ್ಟಿಯಲ್ಲಿ ಘಾನಾ ದೇಶದ ರಾಜಧಾನಿ ಅಕ್ರಾ ಕೂಡ ಬಂದು ಕುಳಿತುಕೊಳ್ಳುತ್ತದೆ. ಓದುವವನಿಗೆ ಇದು ಐಶ್ವರ್ಯ, ಆಡುವವನಿಗೆ ತೊಡಕು. ಸ್ಕ್ರಾಬಲ್‌ನಲ್ಲಿ ಅಂಕಿತನಾಮಗಳು ಸಲ್ಲುವುದಿಲ್ಲ. ಭಾರತವೂ ಸೇರಿ ಹಲವು ದೇಶಗಳ ಪಂದ್ಯಗಳಲ್ಲಿ ಪ್ರಮಾಣವಾಗಿರುವ ಕಾಲಿನ್ಸ್ ಪಟ್ಟಿಯಲ್ಲಿ ಸುಮಾರು 2,80,000 ಪದಗಳಿವೆ, ಉತ್ತರ ಅಮೆರಿಕದವರ ಪಟ್ಟಿ ಅದಕ್ಕಿಂತ ಚಿಕ್ಕದು. ಕ್ಯೂ ಅಕ್ಷರದ ಮುಂದೆ ಯು ಇಲ್ಲದ ಪದಗಳು ಆಟಗಾರರಿಗೆ ಪ್ರಾಣ, ಏಕೆಂದರೆ ಕ್ಯೂ ಬಿಲ್ಲೆಗೆ 10 ಅಂಕ. ಬುರ್ಖಾ, ನಿಖಾಬ್, ತಲಾಖ್, ಫಕೀರ್, ಖಾಜಿ ಇವುಗಳ ಇಂಗ್ಲಿಷ್ ರೂಪಗಳಲ್ಲಿ ಹೆಚ್ಚಿನವು ಅರಬ್ಬಿಯಿಂದ ಬಂದವು, ಯು ಇಲ್ಲದ ಕ್ಯೂ ಅವುಗಳಲ್ಲಿ ಸಹಜ; ಏಳು ಭಾಷೆಗಳ ಊರೆಂದು ಹೆಸರಾದ ಕಾಸರಗೋಡಿನಲ್ಲಿ ಈ ಮಾತುಗಳಿಗೆ ಯಾರೂ ಅರ್ಥ ಕೇಳಲಿಲ್ಲ. ಒಟ್ಟು 100 ಬಿಲ್ಲೆಗಳಲ್ಲಿ ಇ ಅಕ್ಷರದವು 12 ಇವೆ, ಎಸ್ ಅಕ್ಷರದವು ನಾಲ್ಕು ಮಾತ್ರ. ಆಟವನ್ನು ರೂಪಿಸಿದ ಆಲ್‌ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ಪ್ರಮಾಣವನ್ನು ನಿರ್ಧರಿಸಿದವನಾದರೂ, ಬಹುವಚನದ ಸುಲಭದಾರಿಯನ್ನು ತಡೆಯಲು ಎಸ್ ಅನ್ನು ಬೇಕೆಂದೇ ಕಡಿಮೆ ಇಟ್ಟ. ಆದುದರಿಂದ ಆಟದಲ್ಲಿ ಜಗಳ ಬಂದರೆ ವನ್‌ಲುಕ್ ಪಟ್ಟಿಯನ್ನು ತೀರ್ಪುಗಾರನಾಗಿಸಬಾರದು.

ಹೋಲಿಕೆಗಾಗಿ ನನ್ನ ತಂಗಿಯ ಮಗಳು ತನ್ನ ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಪದ ಹುಡುಕುವ ಒಂದು ಆ್ಯಪ್ ಅನ್ನೂ ಎರಡು ವಾರ ಬಳಸಿ ನೋಡಿದೆ. ಅದರ ಹೆಸರು ಇಲ್ಲಿ ಬೇಡ. ಅಕ್ಷರಗಳನ್ನು ತುಂಬಲು ಸುಂದರವಾದ ಬಣ್ಣದ ಚೌಕಗಳಿದ್ದವು, ಚಿಹ್ನೆಗಳನ್ನು ನೆನಪಿಡುವ ಕಷ್ಟವಿರಲಿಲ್ಲ. ಆದರೆ ಪ್ರತಿ ಪಟ್ಟಿಗೂ ಮೊದಲು ಅರ್ಧ ನಿಮಿಷದ ಜಾಹೀರಾತು, ಪದವನ್ನು ಮುಟ್ಟಿದರೆ ಅರ್ಥಕ್ಕೆ ಬದಲು ಮತ್ತೊಂದು ಜಾಹೀರಾತು. ಪದ ಹುಡುಕುವುದಕ್ಕೂ ಫೋನಿನಲ್ಲಿರುವ ನಂಬರುಗಳಿಗೂ ಏನು ಸಂಬಂಧವೋ ತಿಳಿಯದು, ಅವುಗಳನ್ನು ನೋಡಲು ಅನುಮತಿಯನ್ನೂ ಕೇಳಿತು. "ಮಾವ, ಅದಕ್ಕೆ ಬೇಡ ಅಂತ ಒತ್ತಿದರೂ ನಡೀತದೆ" ಎಂದು ಅವಳು ಸಮಾಧಾನ ಹೇಳಿದಳು. ನಡೆಯಿತು, ಆದರೆ ಮಕ್ಕಳ ಕೈಗೆ ಕೊಡುವ ಧೈರ್ಯವಾಗಲಿಲ್ಲ.

ಅಂತರ್ಜಾಲವೇ ಇಲ್ಲದಾಗ ಏನು ಮಾಡುವುದು ಎಂಬ ಪ್ರಶ್ನೆ ನಮ್ಮ ಕಡೆ ಮಳೆಗಾಲದಲ್ಲಿ ತಪ್ಪದೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮರ ಬಿದ್ದು ಕರೆಂಟು ಹೋಗುವುದು, ಅದರೊಂದಿಗೆ ನೆಟ್‌ವರ್ಕೂ ಹೋಗುವುದು ಸಾಮಾನ್ಯ. ಇಲ್ಲಿ ಕೇರಳದ ಶಾಲೆಗಳಿಗೆ ಒಂದು ಅನುಕೂಲವಿದೆ. ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆಯ ಮೂಲಕ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದಿರುವ ಲ್ಯಾಪ್‌ಟಾಪುಗಳು ಉಬುಂಟು ಆಧಾರಿತ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತವೆ, ಉಬುಂಟುವಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಪದಗಳ ಒಂದು ಕಡತ ಇರುತ್ತದೆ. ಸಾಲಿಗೊಂದರಂತೆ ಸುಮಾರು ಒಂದು ಲಕ್ಷ ಪದಗಳು ಅದರಲ್ಲಿವೆ. ಆದೇಶಗಳನ್ನು ಬರೆದು ಕೊಡುವ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಗ್ರೆಪ್ ಎಂಬ ಆದೇಶದಿಂದ ಆ ಕಡತವನ್ನು ಶೋಧಿಸಬಹುದು. ಗ್ರೆಪ್ ಎಂಬುದು ಯೂನಿಕ್ಸ್ ವ್ಯವಸ್ಥೆಗಾಗಿ ಕೆನ್ ಥಾಂಪ್ಸನ್ 1970ರ ದಶಕದ ಆರಂಭದಲ್ಲಿ ಬರೆದ ಉಪಕರಣ. ಅದರಲ್ಲಿ ಒಂದು ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಬದಲು ಚುಕ್ಕೆ. ಸಾಲಿನ ಆರಂಭಕ್ಕೆ ಮೇಲ್ಮುಖದ ಕೊಂಬಿನ ಚಿಹ್ನೆ, ಕೊನೆಗೆ ಡಾಲರ್ ಚಿಹ್ನೆ. ಆದೇಶದ ಫಲವನ್ನು ಇನ್ನೊಂದು ಗ್ರೆಪ್‌ಗೆ ಸಾಗಿಸಿದರೆ ಚದುರಿದ ಅಕ್ಷರಗಳ ಹುಡುಕಾಟವೂ ಆಯಿತು. ಕಡತ ಚಿಕ್ಕದಾದುದರಿಂದ ಅಪರೂಪದ ಪದಗಳು ಸಿಗದೆ ಹೋಗಬಹುದು, ಅಪಾಸ್ಟ್ರಫಿ ಎಸ್ ಸೇರಿದ ರೂಪಗಳು ನಡುನಡುವೆ ಕಿರಿಕಿರಿ ಮಾಡುತ್ತವೆ, ಅರ್ಥವಂತೂ ಇಲ್ಲವೇ ಇಲ್ಲ. ಆದರೂ ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ಹತ್ತನೆಯ ತರಗತಿಯ ಮಕ್ಕಳಿಗೆ ಗಣಕವಿಜ್ಞಾನದ ಒಂದು ಒಳ್ಳೆಯ ಪಾಠವೂ ಆಗುತ್ತದೆ.

ಇಷ್ಟೆಲ್ಲ ಬಳಸಿದ ಮೇಲೆ ಒಬ್ಬ ಹುಡುಗ ಕೇಳಿಯೇಬಿಟ್ಟ: "ಕನ್ನಡಕ್ಕೂ ಹೀಗೆ ಹುಡುಕುವುದು ಉಂಟಾ ಮಾಷ್ಟ್ರೇ?" ಪದಬಂಧ ಬಿಡಿಸುವ ಎಲ್ಲರಿಗೂ ಈ ಆಸೆ ಇರುತ್ತದೆ. ತೊಡಕು ಇರುವುದು ಅಕ್ಷರ ಎಂದರೆ ಏನು ಎಂಬ ಮಾತಿನಲ್ಲಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪದಬಂಧದಿಂದ ಇಂದಿನವರೆಗೂ ಇಂಗ್ಲಿಷ್ ಚೌಕಕ್ಕೆ 26 ಅಕ್ಷರಗಳಲ್ಲಿ ಒಂದು, ಅಷ್ಟೇ. ಕನ್ನಡ ಪದಬಂಧದಲ್ಲಿ ಲಕ್ಷ್ಮೀಶ ಎಂಬುದಕ್ಕೆ ಮೂರು ಚೌಕಗಳು: ಲ, ಕ್ಷ್ಮೀ, ಶ. ಆದರೆ ಲಿಪಿಗಳಿಗೆ ಸಂಕೇತ ಕೊಡುವ ಗಣಕಯಂತ್ರದ ಯೂನಿಕೋಡ್ ಲೆಕ್ಕದಲ್ಲಿ ನಡುವಿನ ಆ ಒಂದು ಕ್ಷ್ಮೀ ಎಂಬುದೇ ಆರು ಸಂಕೇತಗಳು. ಕ, ಅಕಾರವನ್ನು ಕಳೆಯುವ ವಿರಾಮದ ಗುರುತು, ಷ, ಮತ್ತೆ ವಿರಾಮದ ಗುರುತು, ಮ, ಕೊನೆಗೆ ಈಕಾರದ ಗುಣಿತ. ಮೂರು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಹುಡುಕಿದರೆ ಇಂಗ್ಲಿಷಿನ ಉಪಕರಣ ಎಂಟು ಸಂಕೇತಗಳ ಆ ಪದವನ್ನು ಹಾಗೆಯೇ ದಾಟಿಹೋಗುತ್ತದೆ. ಒತ್ತಕ್ಷರವನ್ನೂ ಗುಣಿತವನ್ನೂ ಸೇರಿಸಿ ಒಂದೇ ಘಟಕವೆಂದು ಎಣಿಸುವ ಕ್ರಮವನ್ನು ಮೊದಲು ಬರೆದುಕೊಟ್ಟರೆ ಮಾತ್ರ ನಮ್ಮ ಪದಬಂಧಕ್ಕೆ ಇಂಥ ಉಪಕರಣ ಸಾಧ್ಯ. ಅದು ಅಸಾಧ್ಯವಾದ ಕೆಲಸವೇನೂ ಅಲ್ಲ, ಪದಗಳ ಪಟ್ಟಿಯೂ ಎಣಿಕೆಯ ನಿಯಮವೂ ಸಿದ್ಧವಾದರೆ ಉಳಿದದ್ದು ಗ್ರೆಪ್ ಮಾಡಿದಷ್ಟೇ ಸುಲಭ.

ಬಳಸಲು ಹೊರಟವರಿಗೆ ಒಂದೆರಡು ವ್ಯಾವಹಾರಿಕ ಮಾತುಗಳು. ಮೊಬೈಲಿನಲ್ಲಿ ಈ ಚಿಹ್ನೆಗಳನ್ನು ಒತ್ತುವುದು ಸ್ವಲ್ಪ ಕಿರಿಕಿರಿಯ ಕೆಲಸ, ಅಕ್ಷರಮಣೆಯನ್ನು ಪದೇ ಪದೇ ಬದಲಿಸಬೇಕಾಗುತ್ತದೆ; ಸಾಧ್ಯವಿದ್ದವರು ಗಣಕಯಂತ್ರದಲ್ಲಿಯೇ ಮಾಡಿದರೆ ಉತ್ತಮ. ಚಿಹ್ನೆಗಳ ವಿವರ ತಾಣದ ಸಹಾಯಪುಟದಲ್ಲಿ ಉದಾಹರಣೆಗಳೊಂದಿಗೆ ಇದೆ, ಇಂಗ್ಲಿಷ್ ಸರಳವಾಗಿದೆ. ನಾನು ಅದನ್ನು ಕನ್ನಡದಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಿದ್ದೇನೆ. ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಇದು ಬೇಡ, ಪಟ್ಟಿಯ ಉದ್ದ ಕಂಡೇ ಅವರು ಬೆದರುತ್ತಾರೆ. ಎಂಟನೆಯ ತರಗತಿಯಿಂದ ಮೇಲಿನವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಪದಬಂಧದ ಹುಚ್ಚು ಹಿಡಿದ ನಿವೃತ್ತರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಅಡಿಕೆಯನ್ನು ಕಂಡುಕೊಂಡ ಆ ಹುಡುಗಿ ಈಗ ನಮ್ಮ ಕರಾವಳಿಯ ಸುತ್ತಿನಿಂದ ಇಂಗ್ಲಿಷಿಗೆ ಹೋದ ಪದಗಳ ಪಟ್ಟಿಯೊಂದನ್ನು ನೋಟುಪುಸ್ತಕದಲ್ಲಿ ಬರೆಯುತ್ತಿದ್ದಾಳೆ. ಮೊದಲ ಎರಡು ಅಕ್ಷರ ಸಿ, ಓ ಎಂದು ಕೊಟ್ಟು ಹುಡುಕಿ ಮಲಯಾಳದ ಕಯರ್ ಎಂಬುದರಿಂದ ಹೊರಟ ತೆಂಗಿನ ನಾರಿನ ಹೆಸರನ್ನೂ ಕೊಪ್ಪರದ ಹೆಸರನ್ನೂ ಹಿಡಿದಳು. ವೀಳ್ಯದೆಲೆಯ ಬೀಟಲ್, ತೇಗದ ಟೀಕ್, ಮಾವಿನ ಮ್ಯಾಂಗೋ, ಚಕ್ಕ ಎಂಬ ಮಲಯಾಳದ ಹಲಸಿನಿಂದ ಬಂದ ಜ್ಯಾಕ್ ಅದರ ಹಿಂದೆಯೇ ಸೇರಿವೆ. ಅಕ್ಷರಗಳಿಂದ ಪದ ಸಿಗುತ್ತದೆ, ಅದರ ಊರು ತಿಳಿಯಬೇಕಾದರೆ ಪದವನ್ನು ಮುಟ್ಟಿ ನಿಘಂಟಿನವರೆಗೆ ಹೋಗಲೇಬೇಕು. ಕಳೆದ ವಾರ ಮೇಲೋಗರಕ್ಕೆ ಹೇಳುವ ಕರಿ ಎಂಬುದನ್ನು ಸೇರಿಸಿದ್ದಾಳೆ. ಅದು ತಮಿಳಿನಿಂದ ಹೋದದ್ದೆಂದು ನಿಘಂಟು ಹೇಳುತ್ತದೆ; ಅವಳ ಪಕ್ಕದಲ್ಲಿ ಕೂರುವ ಮಲಯಾಳ ಮನೆಮಾತಿನ ಗೆಳತಿ ಅದನ್ನು ಇನ್ನೂ ಒಪ್ಪಿಲ್ಲ.